ಮೇಯರಮ್ಮನಿಗೆ ಬೀಳ್ಕೊಡುಗೆ: ಶಾಲು, ಹಾರ, ಹಣ್ಣಿನ ಬುಟ್ಟಿ ಬಿಟ್ಟು ಬೇರೇನು ಮಾಡಬಹುದು?

ಕೋಟೆಬೀದಿ
ಎಲ್ಲರಿಗೂ ನಮಸ್ಕಾರ. ಪುರಸಭೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತಿದ್ದಾರೆ, ಅದು ಹಳೇ ಸುದ್ದಿ. ಹೊಸ ಸುದ್ದಿ ಏನಂದರೆ ಮೇಯರಮ್ಮ ಇನ್ನು ಮೇಲೆ ಚುನಾವಣೆಗೆ ನಿಲ್ಲುವುದಿಲ್ಲವಂತೆ. ಮೊನ್ನೆ ತರಕಾರಿ ಮಾರ್ಕೆಟ್ಟಲ್ಲಿ ಸಿಕ್ಕಾಗ ಅವರೇ ಹೇಳಿದರು. 2007, 2013, 2018, ಮೂರೂ ಸಲ ಗೆದ್ದವರು. ನಡುವೆ ಮೀಸಲಾತಿ ಬದಲಾಗಿ ವಾರ್ಡ್ ಕೈತಪ್ಪಿದಾಗ ಪಕ್ಕದ ವಾರ್ಡಲ್ಲಿ ನಿಂತು ಗೆದ್ದರು. 2020ರ ಕೊನೆಯಿಂದ 30 ತಿಂಗಳು ಅಧ್ಯಕ್ಷರಾಗಿದ್ದರು.

(ಹೊರಗಿನವರು ಓದುತ್ತಿದ್ದರೆ ಹೇಳಿಬಿಡುತ್ತೇನೆ. ಮೇಯರ್ ಇರುವುದು ಮಹಾನಗರ ಪಾಲಿಕೆಗೆ. ನಮ್ಮದು 23 ವಾರ್ಡಿನ ಪುರಸಭೆ, ಇಲ್ಲಿ ಅಧ್ಯಕ್ಷರು. ಆದರೆ ಊರೆಲ್ಲ ಕರೆಯುವುದು ಮೇಯರಮ್ಮ ಅಂತಲೇ.)

ನಾವು ಕೆಲವರು ಸೇರಿ ಒಂದು ಸಣ್ಣ ಸನ್ಮಾನ ಇಟ್ಟುಕೊಳ್ಳೋಣ ಅಂದುಕೊಂಡಿದ್ದೇವೆ. ಸಮುದಾಯ ಭವನ ಸಿಗುತ್ತದೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿಸಿದ ಅಭಿನಂದನಾ ಪತ್ರ. ಎಂಎಲ್‌ಎ ಅವರನ್ನು ಕರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ನಿಮ್ಮ ಅಭಿಪ್ರಾಯ ಹೇಳಿ. ಒಂದೇ ಕೋರಿಕೆ, ಪಕ್ಷದ ಮಾತು ಬೇಡ.

ಜೆರಾಕ್ಸ್ ಅಂಗಡಿ
ಅಣ್ಣ, ಒಳ್ಳೇ ಕೆಲಸ. ಆದರೆ ಫ್ಲೆಕ್ಸ್ ಮಾತ್ರ ಬೇಡ. ಅವರು ಅಧ್ಯಕ್ಷರಾದ ವಾರದಲ್ಲೇ ಅಭಿಮಾನಿಗಳು ಅಂತ ಯಾರೋ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಅನುಮತಿ ತಗೊಂಡಿದ್ದೀರಾ ಅಂತ ಕೇಳಿ, ತಮ್ಮದೇ ಮುಖ ಇದ್ದ ಫ್ಲೆಕ್ಸನ್ನು ತಾವೇ ನಿಂತು ಬಿಚ್ಚಿಸಿದರು. ಬಿಚ್ಚಿದ ಫ್ಲೆಕ್ಸು ಆಮೇಲೆ ನಮ್ಮ ಅಂಗಡಿ ಎದುರಿನ ಹೂವಿನಜ್ಜಿಗೆ ಮಳೆಗಾಲದ ಸೂರಾಯಿತು. ಮುಖ ಒಳಗಡೆ ಬರುವ ಹಾಗೆ ಕಟ್ಟಿ ಅಂತ ಹೇಳಿದ್ದರಂತೆ.

ಹಳೇ ಮೇಷ್ಟ್ರು
ಹಾರ, ಹಣ್ಣಿನ ಬುಟ್ಟಿ ಬೇಡವೆಂದು ನನ್ನದೂ ಒಂದು ಓಟು. 2021ರ ಆಗಸ್ಟಿನಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿತ್ತಲ್ಲ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಕೊಡಬಾರದು, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ. ನಮ್ಮದು ಸರ್ಕಾರಿ ಸಮಾರಂಭ ಅಲ್ಲ, ನಿಜ. ಆದರೂ ಆಕೆ ಅಧ್ಯಕ್ಷೆಯಾಗಿದ್ದಾಗ ಆ ಸುತ್ತೋಲೆಯನ್ನು ಪಾಲಿಸಿದವರು. ಈಗ ನಾವೇ ಅವರ ಕೊರಳಿಗೆ ಹಾರ ಹಾಕಿದರೆ ಚೆನ್ನಾಗಿರುವುದಿಲ್ಲ.

ಸಂತೆಪೇಟೆ
ಎಲ್ಲರೂ ಹೊಗಳುತ್ತಿದ್ದೀರಿ, ನಾನೊಬ್ಬ ಬೇರೆ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಧ್ಯಕ್ಷರಾಗಿದ್ದವರು ಕೆಲಸ ಮಾಡಿದರೆ ಅದಕ್ಕೆ ಸನ್ಮಾನ ಯಾಕೆ? ಗೌರವಧನ ತಗೊಂಡಿದ್ದಾರೆ, ಕಾರು ಇತ್ತು, ಕುರ್ಚಿ ಇತ್ತು. ಸಂತೆ ಮೈದಾನದಿಂದ ನಮ್ಮನ್ನು ಎಬ್ಬಿಸಿ ಬೈಪಾಸ್ ಹತ್ತಿರ ಹಾಕಿದವರು ಯಾರು? ಅಲ್ಲಿ ನೆರಳಿಲ್ಲ, ನೀರಿಲ್ಲ. ಹಳ್ಳಿಯಿಂದ ಬರುವವರು ಬಸ್‌ಸ್ಟ್ಯಾಂಡಲ್ಲಿ ಇಳಿದು ಸೊಪ್ಪಿನ ಗಂಟು ಹೊತ್ತು ಅಷ್ಟು ದೂರ ನಡೆಯಬೇಕು. ಅಮ್ಮನ ವಯಸ್ಸಿನವರು ಸಂತೆಗೆ ಬರುವುದನ್ನೇ ಬಿಟ್ಟರು. ಒಳಚರಂಡಿಗೆ ಅಗೆದ ಪೇಟೆ ಬೀದಿ ಇವತ್ತಿಗೂ ಸರಿಯಾಗಿಲ್ಲ. ಇದನ್ನೂ ಅಭಿನಂದನಾ ಪತ್ರದಲ್ಲಿ ಬರೆಯುತ್ತೀರಾ?

ಕೋಟೆಬೀದಿ
ಸಂತೆಪೇಟೆಯವರೇ, ನಿಮ್ಮ ಮಾತು ಸುಳ್ಳಲ್ಲ. ಸಂತೆ ವಿಷಯದಲ್ಲಿ ನಾನೂ ಅವತ್ತು ನಿಮ್ಮ ಕಡೆಯೇ ನಿಂತಿದ್ದೆ.

ಲೆಕ್ಕದ ಪುಸ್ತಕ
ನಾನು ಪುರಸಭೆ ಕಚೇರಿಗಳಲ್ಲಿ ಲೆಕ್ಕದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೇರೆ ಬೇರೆ ಊರಲ್ಲಿ ಬೇಕಾದಷ್ಟು ಅಧ್ಯಕ್ಷರನ್ನು ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೊದಲನೆಯದಾಗಿ ಅಧ್ಯಕ್ಷರ ಕೈಯಲ್ಲಿ ಏನಿರುತ್ತದೆ ಅಂತ ತಿಳಿದುಕೊಳ್ಳಬೇಕು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ ಅಧ್ಯಕ್ಷರು ಸಭೆ ನಡೆಸುತ್ತಾರೆ. ಕಡತ ನಡೆಸುವುದು, ಬಿಲ್ಲು ಪಾಸು ಮಾಡುವುದು, ಟೆಂಡರು ಕರೆಯುವುದು ಎಲ್ಲ ಮುಖ್ಯಾಧಿಕಾರಿ. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಸದಸ್ಯರು ಆರಿಸುತ್ತಾರೆ. ಎಂಎಲ್‌ಎ, ಎಂಪಿ ಇಬ್ಬರಿಗೂ ಅಲ್ಲಿ ಓಟಿದೆ. ಅವಧಿ 30 ತಿಂಗಳು. ಮುಂದಿನ 30 ತಿಂಗಳಿಗೆ ಮೀಸಲಾತಿ ಬದಲಾಗುತ್ತದೆ, ಕುರ್ಚಿ ಇನ್ನೊಬ್ಬರಿಗೆ. ಇಷ್ಟು ಸಾಲದು ಅಂತ 2018ರ ಆಗಸ್ಟ್ 31ಕ್ಕೆ ಓಟು ಹಾಕಿಸಿಕೊಂಡು ಗೆದ್ದವರು ಅಧ್ಯಕ್ಷ ಹುದ್ದೆಯ ಮೀಸಲಾತಿ ಪಟ್ಟಿಯ ಕೇಸಿನಿಂದಾಗಿ 2020ರವರೆಗೆ ಸುಮ್ನೆ ಮನೇಲಿ ಕೂತಿದ್ದರು. ಗೆದ್ದ ಸರ್ಟಿಫಿಕೇಟು ಕೈಯಲ್ಲಿತ್ತು, ಕೌನ್ಸಿಲ್ಲೇ ಇರಲಿಲ್ಲ. 2023ರಲ್ಲಿ ಮೊದಲ ಅವಧಿ ಮುಗಿದ ಮೇಲೆ ಮತ್ತೆ ಅದೇ ಕಥೆ. ಎರಡನೇ ಅವಧಿಯ ಪಟ್ಟಿ ಬಂದದ್ದು 2024ರ ಆಗಸ್ಟಿಗೆ. ಅಷ್ಟು ದಿನ ಆಡಳಿತಾಧಿಕಾರಿಯೇ ಎಲ್ಲ.

ಇದರೊಳಗೆ ಒಬ್ಬ ಅಧ್ಯಕ್ಷೆ ಮಾಡಬಹುದಾದದ್ದು ಕಡಿಮೆ. ಮಾಡದೆ ತಪ್ಪಿಸಿಕೊಳ್ಳಲು ನೆಪ ಮಾತ್ರ ಜಾಸ್ತಿ. ನಾನು ನೋಡಿದ ಹೆಚ್ಚಿನವರು ಆ ನೆಪ ಹಿಡಿದರು. ಮೇಯರಮ್ಮ ಹಿಡಿಯಲಿಲ್ಲ.

ಒಂದೇ ಉದಾಹರಣೆ ಕೊಡುತ್ತೇನೆ. ಪುರಸಭೆಯ ಅನುದಾನದಲ್ಲಿ ಮತ್ತು ಸ್ವಂತ ಆದಾಯದಲ್ಲಿ 24.10% ಪರಿಶಿಷ್ಟ ಜಾತಿ, ಪಂಗಡಕ್ಕೆ ಅಂತ ಎತ್ತಿಡಬೇಕು. 7.25% ಇತರ ಬಡವರಿಗೆ. 5% ಅಂಗವಿಕಲರಿಗೆ. ಕಾಗದದ ಮೇಲೆ ಎಲ್ಲ ಊರೂ ಎತ್ತಿಡುತ್ತದೆ. ಮಾರ್ಚ್ ಬಂದಾಗ ಅದು ಯಾವುದೋ ಮುಖ್ಯರಸ್ತೆಯ ಚರಂಡಿಗೆ ಹೋಗಿರುತ್ತದೆ, ಆ ರಸ್ತೆ ಕಾಲೋನಿ ಪಕ್ಕದಲ್ಲಿ ಹಾದುಹೋಗುತ್ತದೆ ಅನ್ನುವ ನೆಪದಲ್ಲಿ. ಈಯಮ್ಮ ಮೊದಲ ಬಜೆಟ್ ಸಭೆಯಲ್ಲೇ ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: "ಹೋದ ವರ್ಷ ಈ ದುಡ್ಡಲ್ಲಿ ಕೆಲಸ ಆದ ಮನೆಗಳ ಹೆಸರು ಓದಿ." ಓದಲು ಯಾರ ಹತ್ತಿರವೂ ಪಟ್ಟಿ ಇರಲಿಲ್ಲ. ಮುಂದಿನ ವರ್ಷದಿಂದ ಪಟ್ಟಿ ಇಲ್ಲದೆ ಆ ಬಾಬ್ತಿನ ಬಿಲ್ಲು ಸಭೆಗೆ ಬರಲೇ ಇಲ್ಲ. ಲೆಕ್ಕಪರಿಶೋಧನೆಯವರು ಬಂದಾಗ ನಮಗೆ ಕಡತ ಹುಡುಕುವ ಕೆಲಸವೂ ಉಳಿಯಿತು.

ಸಂತೆಪೇಟೆಯವರೇ, ನಿಮ್ಮ ಸಂತೆಯ ನಿರ್ಣಯ ಸರ್ವಾನುಮತದ್ದಲ್ಲ. ಅದೂ ನಡಾವಳಿ ಪುಸ್ತಕದಲ್ಲಿದೆ. ಬೇಕಾದರೆ ನಕಲು ಕೇಳಿ ನೋಡಿ.

ಸಂತೆಪೇಟೆ
ನಡಾವಳಿ ನೋಡಿದರೆ ನನ್ನ ತಲೆ ಮೇಲೆ ನೆರಳು ಬರುತ್ತಾ ಸಾರ್?

ಏಳನೇ ವಾರ್ಡ್
😀 ಇದಕ್ಕೆ ಉತ್ತರ ಇಲ್ಲ.

ನಮ್ಮ ವಾರ್ಡಿನ ಕಥೆ ಹೇಳುತ್ತೇನೆ. ನಮ್ಮದು ಊರ ಕೊನೆ, ಏರು ಜಾಗ. ನಲ್ಲಿ ನೀರು ಯಾವಾಗ ಬರುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ನಡುರಾತ್ರಿ ಬಂದು ಹೋಗಿರುತ್ತಿತ್ತು. ಕೆಳಗಿನ ಬೀದಿಯವರು ಮೋಟರ್ ಹಾಕಿ ಎಳೆದುಕೊಂಡರೆ ನಮಗೆ ಗಾಳಿ ಮಾತ್ರ. ವಾಲ್ವ್‌ಮನ್‌ಗೆ ಯಾರು ಕಾಸು ಕೊಡುತ್ತಾರೋ ಅವರ ಬೀದಿಗೆ ಮೊದಲು ಅನ್ನುವ ಮಾತೂ ಇತ್ತು.

ಮೇಯರಮ್ಮ ಅಧ್ಯಕ್ಷರಾದ ಮೇಲಿನ ಮೊದಲ ಬೇಸಿಗೆಯಲ್ಲಿ ಬೆಳಗಿನ ಜಾವ ವಾಲ್ವ್‌ಮನ್ ಜೊತೆ ನಡೆದುಕೊಂಡು ಬಂದರು. ಸ್ವೆಟರ್ ಮೇಲೆ ಸೆರಗು ಸುತ್ತಿಕೊಂಡು, ಕೈಯಲ್ಲಿ ಟಾರ್ಚು. ಪ್ರತಿ ವಾಲ್ವಿನ ಹತ್ತಿರ ನಿಂತು, ಇದು ಎಷ್ಟು ಸುತ್ತು ತಿರುಗಿಸಬೇಕು, ಯಾವ ಬೀದಿಗೆ ಹೋಗುತ್ತೆ, ಎಷ್ಟು ಹೊತ್ತಿಗೆ ಕೊನೇ ಮನೆ ತಲುಪುತ್ತೆ ಅಂತ ಬರೆದುಕೊಂಡರು. ಕೊನೇ ಮನೆ ನಮ್ಮದು. ನಮ್ಮ ಜಗಲಿ ಮೇಲೆ ಕೂತು ನೀರು ಬರುವವರೆಗೆ ಕಾದರು. ಅಮ್ಮ ಕಾಫಿ ಕೊಟ್ಟರೆ ನೀರು ಬಂದ ಮೇಲೆ ಕುಡಿಯುತ್ತೇನೆ ಅಂದರು. ಲೋಟ ಆರಿಹೋಯಿತು, ಆಮೇಲೆ ಹಾಗೇ ಕುಡಿದರು.

ಅದಾದ ಮೇಲೆ ಪ್ರತಿ ವಾರ್ಡಿನ ಒಂದು ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದರು, ಯಾವ ವಾರ, ಎಷ್ಟು ಗಂಟೆಗೆ, ವಾಲ್ವ್‌ಮನ್ ಫೋನ್ ನಂಬರ್ ಏನು ಅಂತ. ನೀರು ಜಾಸ್ತಿ ಆಗಲಿಲ್ಲ. ಇದ್ದಷ್ಟೇ ನೀರು. ಆದರೆ ನಿದ್ದೆಗೆಟ್ಟು ಕಾಯುವುದು ತಪ್ಪಿತು. ಗಂಡಸರಿಗೆ ಇದು ದೊಡ್ಡ ವಿಷಯ ಅನಿಸಲಿಕ್ಕಿಲ್ಲ, ನಮ್ಮಮ್ಮನನ್ನು ಕೇಳಿ.

ಕಾರ್ಬೊಂಡೇಲ್ ಹುಡುಗಿ
ನಾನು ನಮ್ಮೂರವಳೇ, ಓದಿದ್ದು ಅಮೆರಿಕದ ಸದರ್ನ್ ಇಲಿನಾಯ್ ಯೂನಿವರ್ಸಿಟಿಯಲ್ಲಿ, ಕಾರ್ಬೊಂಡೇಲ್ ಅನ್ನುವ ಊರು. ಅಲ್ಲಿಂದ ಪೂರ್ವಕ್ಕೆ ಸ್ವಲ್ಪವೇ ದೂರ ಮೇರಿಯನ್ ಅಂತ ಇನ್ನೊಂದು ಊರಿದೆ. ಜನಸಂಖ್ಯೆ 17,000ದ ಆಸುಪಾಸು, ನಮ್ಮೂರಿಗಿಂತ ಚಿಕ್ಕದು. ಸಾಮಾನು ತರಲು ಅಲ್ಲಿಗೆ ಹೋಗುತ್ತಿದ್ದೆವು.

ಅಲ್ಲಿನ ಮೇಯರ್ ರಾಬರ್ಟ್ ಬಟ್ಲರ್. 1963ರಲ್ಲಿ ಮೇಯರ್ ಆದವರು 2018ರ ಜನವರಿಯಲ್ಲಿ ಕುರ್ಚಿ ಬಿಟ್ಟರು. ಆಗ ಅವರಿಗೆ 91 ವರ್ಷ. 55 ವರ್ಷ ಒಂದೇ ಊರು, ಒಂದೇ ಕುರ್ಚಿ! ಅವರು ಬಂದ ವರ್ಷವೇ ಆಲ್ಕಟ್ರಾಜ್ ಅನ್ನುವ ದ್ವೀಪದ ಜೈಲು ಮುಚ್ಚಿತು, ಅದರ ಬದಲಿಗೆ ಕಟ್ಟಿದ ಫೆಡರಲ್ ಜೈಲು ಮೇರಿಯನ್ ಪಕ್ಕದಲ್ಲೇ ಶುರುವಾಯಿತು. ಹೊರಗಿನವರಿಗೆ ಮೇರಿಯನ್ ಅಂದರೆ ಜೈಲು. ಬಟ್ಲರ್ ಮಾತ್ರ ನಮ್ಮೂರು ಇಡೀ ವಿಶ್ವದ ನಡುಮಧ್ಯ ಅಂತ ತಮಾಷೆಯಾಗಿ ಹೇಳಿಕೊಂಡು ತಿರುಗುತ್ತಿದ್ದರು. ಕೊನೆಗೆ ಅದೇ ಊರಿನ ಅಡ್ಡಹೆಸರಾಯಿತು. 1982ರ ಮೇ ತಿಂಗಳಲ್ಲಿ ಸುಂಟರಗಾಳಿ ಬಂದು 10 ಜನ ಸತ್ತರು, ಊರು ಮತ್ತೆ ಎದ್ದು ನಿಲ್ಲಬೇಕಾಯಿತು. 1997ರಲ್ಲಿ ಊರಿನ ಹಳೇ ರಂಗಮಂದಿರ ಸುಟ್ಟುಹೋಯಿತು. ಮತ್ತೆ ಕಟ್ಟಿ ತೆರೆಯುವಾಗ 2004. ಆಗಲೂ ಮೇಯರ್ ಅವರೇ. 2019ರಲ್ಲಿ ತೀರಿಕೊಂಡರು.

ಅಷ್ಟು ವರ್ಷ ಒಬ್ಬರೇ ಇರುವುದು ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಚರ್ಚೆ. ನನಗೆ ಅನಿಸಿದ್ದು ಇಷ್ಟೇ. ಸುಟ್ಟುಹೋದದ್ದನ್ನು ಕಟ್ಟಿ ಮುಗಿಸಲು ಅವರಿಗೆ ಏಳು ವರ್ಷ ಬೇಕಾಯಿತು. ಮೇಯರಮ್ಮನಿಗೆ ಸಿಕ್ಕಿದ್ದೇ 30 ತಿಂಗಳು, ಅದರಲ್ಲೂ ಅರ್ಧ ಕೊರೊನಾ.

ಲೆಕ್ಕದ ಪುಸ್ತಕ
ಒಳ್ಳೇ ಮಾತಮ್ಮ. 30 ತಿಂಗಳಲ್ಲಿ ಒಂದು ಕುಡಿಯುವ ನೀರಿನ ಯೋಜನೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ಒಪ್ಪಿಗೆಯಾಗಿ ಬರುವುದೂ ಕಷ್ಟ. ಶಂಕುಸ್ಥಾಪನೆ ಒಬ್ಬರದು, ಬೈಸಿಕೊಳ್ಳುವುದು ಇನ್ನೊಬ್ಬರು, ಟೇಪು ಕತ್ತರಿಸುವುದು ಮೂರನೆಯವರು. ಪೇಟೆ ಬೀದಿಯ ಒಳಚರಂಡಿಯೂ ಹಾಗೆಯೇ. ಆ ಟೆಂಡರು ಇವರ ಕಾಲದ್ದಲ್ಲ.

ಹಳೇ ಮೇಷ್ಟ್ರು
ದೂರದ ಊರಿನ ಕಥೆ ಕೇಳಿ ಹತ್ತಿರದ್ದೊಂದು ನೆನಪಾಯಿತು. ಪಕ್ಷದ ಮಾತು ಬೇಡ ಅಂದಿದ್ದೀರಿ, ಆದ್ದರಿಂದ ಕೆಲಸದ ಮಾತು ಮಾತ್ರ. 1968ರಲ್ಲಿ ಉಡುಪಿ ಪುರಸಭೆಗೆ ಡಾಕ್ಟರ್ ವಿ.ಎಸ್. ಆಚಾರ್ಯ ಅಧ್ಯಕ್ಷರಾದರು. ಮೂವತ್ತೂ ತುಂಬಿರದ ಡಾಕ್ಟರು. ತಲೆ ಮೇಲೆ ಮಲ ಹೊರುವುದನ್ನು ಉಡುಪಿಯಲ್ಲಿ ನಿಲ್ಲಿಸಿದ್ದು ಅವರ ಕಾಲದಲ್ಲಿ. ಆಮೇಲೆ 1970ರ ದಶಕದಲ್ಲಿ ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಇಡೀ ರಾಜ್ಯದಲ್ಲೇ ನಿಲ್ಲಿಸಲು ಹೊರಟರು. ದೇಶಕ್ಕೆ ಕಾನೂನು ಬಂದದ್ದು 1993ಕ್ಕೆ. ಅದೂ ಸಾಲದೆ 2013ರಲ್ಲಿ ಇನ್ನೊಂದು ತರಬೇಕಾಯಿತು.

ಅಂದರೆ ದೆಹಲಿ ಕಣ್ಣುಬಿಡುವ ಎಷ್ಟೋ ವರ್ಷ ಮೊದಲು ಒಂದು ಊರಿನ ಪುರಸಭೆ ಅದನ್ನು ಮಾಡಿ ತೋರಿಸಿತ್ತು. ಆಚಾರ್ಯರು ಮುಂದೆ ರಾಜ್ಯದ ಗೃಹಮಂತ್ರಿಯಾದರು, 2012ರಲ್ಲಿ ಉನ್ನತ ಶಿಕ್ಷಣ ಮಂತ್ರಿಯಾಗಿದ್ದಾಗಲೇ ಹೋದರು. ಪೇಪರಿನಲ್ಲೆಲ್ಲ ಸಚಿವ ಅಂತಲೇ ಬಂತು. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕುರ್ಚಿ ಪುರಸಭೆಯದ್ದೇ.

ಕಸದ ಗಾಡಿ ಮಗಳು
ಈ ಗುಂಪಿನಲ್ಲಿ ನಾನು ಬರೆಯುವುದು ಕಡಿಮೆ. ನಮ್ಮಮ್ಮ ಪುರಸಭೆಯಲ್ಲಿ ಪೌರಕಾರ್ಮಿಕರು. ಮೇಷ್ಟ್ರು ಉಡುಪಿ ವಿಷಯ ಬರೆದಿದ್ದಕ್ಕೆ ಬರೆಯಬೇಕು ಅನಿಸಿತು.

ಅಮ್ಮನಿಗೆ ಬೆಳಗಿನ ತಿಂಡಿ ಕೊಡಬೇಕು ಅಂತ ಆದೇಶ ಇದೆ. ಮೊದಲು ಅದು ಬರುವಾಗ ಒಂಬತ್ತೂವರೆ ಆಗುತ್ತಿತ್ತು. ನಾಲ್ಕೂವರೆಗೆ ಎದ್ದು ಹೋದವರು, ಅಷ್ಟು ಹೊತ್ತಿಗೆ ಹೊಟ್ಟೆ ಉರಿ. ಬರುವ ತಿಂಡಿಯೂ ತಣ್ಣಗೆ, ಅನ್ನ ಗಟ್ಟಿ. ಅಮ್ಮ ಅದನ್ನು ಮನೆಗೆ ತಂದು ಕೋಳಿಗೆ ಹಾಕುತ್ತಿದ್ದರು. ಒಂದು ದಿನ ಮೇಯರಮ್ಮ ಹೇಳದೆ ಕೇಳದೆ ತಿಂಡಿ ಕೊಡುವ ಜಾಗಕ್ಕೆ ಬಂದರಂತೆ. ಡಬ್ಬಿಯ ಮುಚ್ಚಳ ತೆಗೆದು, ಒಂದು ತಟ್ಟೆ ಇಸಿದುಕೊಂಡು, ಎಲ್ಲರ ಜೊತೆ ಮೆಟ್ಟಿಲ ಮೇಲೆ ಕೂತು ಆ ಚಿತ್ರಾನ್ನ ತಿಂದರು. ಪೂರ್ತಿ ತಿಂದರು, ಅದನ್ನು ಅಮ್ಮ ಒತ್ತಿ ಹೇಳುತ್ತಾರೆ. ತಟ್ಟೆ ತೊಳೆದಿಟ್ಟು ಗುತ್ತಿಗೆಯವರಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಏಳಕ್ಕೆ ನಾನು ಇಲ್ಲೇ ತಿಂಡಿ ತಿನ್ನುತ್ತೇನೆ ಅಂತ ಅಷ್ಟೇ ಹೇಳಿದರಂತೆ. ಬೈಯಲಿಲ್ಲ. ಮಾರನೇ ದಿನದಿಂದ ಏಳಕ್ಕೆ ಬಿಸಿ ತಿಂಡಿ.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಪ್ರತಿ ವರ್ಷ ಏನಾಗುತ್ತಿತ್ತು ಗೊತ್ತಾ? ಅವರ ದಿನಾಚರಣೆಗೆ ಅವರೇ ಕುರ್ಚಿ ಹಾಕಬೇಕು, ಅವರೇ ಗುಡಿಸಬೇಕು, ಊಟ ಆದ ಮೇಲೆ ಎಲೆಯನ್ನೂ ಅವರೇ ತೆಗೆಯಬೇಕು. ವೇದಿಕೆ ಮೇಲೆ ಬೇರೆ ಯಾರೋ. ಇವರು ಅಧ್ಯಕ್ಷರಾಗಿದ್ದ ವರ್ಷಗಳಲ್ಲಿ ಸದಸ್ಯರಿಂದ ಬಡಿಸಿಸಿದರು. ಒಬ್ಬಿಬ್ಬರು ಮುಖ ಗಂಟಿಕ್ಕಿಕೊಂಡು ಸಾಂಬಾರಿನ ಬಕೆಟ್ ಹಿಡಿದಿದ್ದರು. ಅಮ್ಮ ಮನೆಗೆ ಬಂದು ಅದನ್ನೇ ಆಡಿ ತೋರಿಸಿ ನಗುತ್ತಿದ್ದರು.

ನೀವು ಸನ್ಮಾನ ಇಟ್ಟುಕೊಂಡರೆ ಅಮ್ಮನವರನ್ನೂ ಕರೆಯಿರಿ. ಕೆಲಸಕ್ಕಲ್ಲ.

ಕೋಟೆಬೀದಿ
ಖಂಡಿತ ಕರೆಯುತ್ತೇವೆ ತಾಯಿ. ಕುರ್ಚಿ ನಾವೇ ಹಾಕುತ್ತೇವೆ.

ಜೆರಾಕ್ಸ್ ಅಂಗಡಿ
ಇದನ್ನು ಓದಿದ ಮೇಲೆ ಇನ್ನೇನು ಬರೆಯಲಿ. ಇಂಥವರ ಹೆಸರನ್ನು ಒಂದು ರಸ್ತೆಗೋ ಪಾರ್ಕಿಗೋ ಇಡಬೇಕು. ಬಸ್‌ಸ್ಟ್ಯಾಂಡ್ ಮುಂದೆ ಒಂದು ಪ್ರತಿಮೆ ನಿಲ್ಲಿಸಿದರೂ ತಪ್ಪಿಲ್ಲ.

ಲೆಕ್ಕದ ಪುಸ್ತಕ
ಪ್ರತಿಮೆ ಆಗುವುದಿಲ್ಲ. ರಸ್ತೆ, ಫುಟ್‌ಪಾತ್ ಮುಂತಾದ ಸಾರ್ವಜನಿಕ ಜಾಗದಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬೇಡಿ ಅಂತ ಸುಪ್ರೀಂ ಕೋರ್ಟು 2013ರ ಜನವರಿಯಲ್ಲೇ ಹೇಳಿದೆ. ಬದುಕಿರುವವರಿಗೆ ಪ್ರತಿಮೆ ಮಾಡಿಸುವುದೂ ಶುಭ ಅಲ್ಲ ಮಾರಾಯ. ರಸ್ತೆಗೆ ಹೆಸರಿಡಬೇಕು ಅಂದರೆ ಕೌನ್ಸಿಲ್ ನಿರ್ಣಯ ಬೇಕು. ಈಗ ಕೌನ್ಸಿಲ್ಲೇ ಇಲ್ಲ.

ಹಳೇ ಮೇಷ್ಟ್ರು
ಹೆಸರಿಟ್ಟರೂ ಉಳಿಯುತ್ತದೆಯೇ? ಬೆಂಗಳೂರಿನ ಟೌನ್ ಹಾಲ್‌ಗೆ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ ಪುರಭವನ ಅಂತ ಹೆಸರು. ಆ ಊರಿನ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದವರು. 1935ರಿಂದ ಕಟ್ಟಡ ನಿಂತಿದೆ. ದಿನಾ ಅದರ ಮುಂದೆ ಹಾದುಹೋಗುವವರಲ್ಲಿ ಎಷ್ಟು ಜನ ಆ ಹೆಸರು ಹೇಳುತ್ತಾರೆ? ಆಟೋದವನಿಗೆ ಟೌನ್ ಹಾಲ್ ಅಂದರೆ ಸಾಕು.

ಏಳನೇ ವಾರ್ಡ್
ನನ್ನದೊಂದು ಸಲಹೆ. ಮೇಯರಮ್ಮನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇರುತ್ತಿತ್ತು ನೆನಪಿದೆಯಾ, ಕೆಂಪು ಬೈಂಡಿನದು? ಯಾರು ಏನೇ ದೂರು ಹೇಳಿದರೂ ಅದರಲ್ಲಿ ಬರೆಯುತ್ತಿದ್ದರು. ಮನೆ ಯಾವುದು, ತಾರೀಕು, ಯಾರಿಗೆ ಹೇಳಿದ್ದು, ಆಯಿತೋ ಇಲ್ಲವೋ. ಆದರೆ ಅಡ್ಡಗೆರೆ. ಆಗದಿದ್ದರೆ ಮುಂದಿನ ಪುಟಕ್ಕೆ ಮತ್ತೆ ಬರೆಯುತ್ತಿದ್ದರು. ನಮ್ಮ ಬೀದಿಯ ದೀಪದ ಕಂಬ ಎಷ್ಟು ಪುಟ ದಾಟಿತೋ ಏನೋ. ಅಧ್ಯಕ್ಷಗಿರಿ ಮುಗಿದ ಮೇಲೂ ಅದನ್ನು ಬಿಡಲಿಲ್ಲ. ಕೊನೆಯ ಅವಧಿಯಲ್ಲಿ ಸಭೆಯ ಹಿಂದಿನ ಸಾಲಲ್ಲಿ ಸಾಮಾನ್ಯ ಸದಸ್ಯೆಯಾಗಿ ಕೂತು ಅದೇ ಪುಸ್ತಕ ಬಿಚ್ಚಿ ಪ್ರಶ್ನೆ ಕೇಳುತ್ತಿದ್ದರು. ಹೊಸ ಅಧ್ಯಕ್ಷರಿಗೆ ಅದು ಕಂಡರೆ ಭಯ.

ಆ ನೋಟ್‌ಬುಕ್ಕುಗಳಿಂದ ಆರಿಸಿ ಒಂದು ಸಣ್ಣ ಪುಸ್ತಿಕೆ ಮಾಡೋಣ. ವಾರ್ಡಿಗೆ ಎರಡು ಪುಟ. ಆದದ್ದೂ ಇರಲಿ, ಆಗದ್ದೂ ಇರಲಿ. ಅವರ ಬಗ್ಗೆ ನಾವು ಕವನ ಬರೆಯುವುದಕ್ಕಿಂತ ಅದು ಮೇಲು.

ಕಾರ್ಬೊಂಡೇಲ್ ಹುಡುಗಿ
ಸೂಪರ್ ಅಕ್ಕಾ! ಟೈಪ್ ಮಾಡುವ ಕೆಲಸ ನನಗೆ ಕೊಡಿ. ಪುಟಗಳ ಫೋಟೋ ತೆಗೆದು ಕಳಿಸಿದರೆ ಸಾಕು, ರಾತ್ರಿ ಕೂತು ಮಾಡುತ್ತೇನೆ. ದೂರು ಹೇಳಿದವರ ಹೆಸರು, ಫೋನ್ ನಂಬರ್ ಮಾತ್ರ ತೆಗೆದುಹಾಕಬೇಕು.

ಲೆಕ್ಕದ ಪುಸ್ತಕ
ಆಗದ ಕೆಲಸಗಳ ಪಟ್ಟಿಯನ್ನು ಬೇರೆಯಾಗಿ ಎತ್ತಿ ಬರೆಯಿರಿ. ಅದಕ್ಕೊಂದು ಮನವಿ ಪತ್ರ ಲಗತ್ತಿಸಿ ಆಡಳಿತಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳೋಣ. ಹೊಸ ಕೌನ್ಸಿಲ್ ಬಂದಾಗ ಮೊದಲ ಸಭೆಗೆ ಅದೇ ಪಟ್ಟಿ. ಈಗ ಇ-ಖಾತಾ, ಬಿ-ಖಾತಾ ಅಂತ ಕಚೇರಿ ತುಂಬ ಜನ ಫಾರಂ ನಂಬರ್ 3ಕ್ಕೆ ಸಾಲು ನಿಂತಿದ್ದಾರೆ. ಬಾಯಿಮಾತಿನಲ್ಲಿ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ. ಸೀಲು ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕು.

ಸಂತೆಪೇಟೆ
ಆ ಪಟ್ಟಿಯಲ್ಲಿ ಸಂತೆ ಇದೆಯೋ ಇಲ್ಲವೋ ಮೊದಲು ನೋಡಿ ಹೇಳಿ. ಇದ್ದರೆ ಬರುತ್ತೇನೆ.

ಕೋಟೆಬೀದಿ
ಇವತ್ತು ಸಂಜೆ ನಾನು, ಏಳನೇ ವಾರ್ಡಿನ ಅಕ್ಕ ಇಬ್ಬರೂ ಮೇಯರಮ್ಮನ ಮನೆಗೆ ಹೋಗಿದ್ದೆವು. ಮೊದಲು ಬೇಡವೇ ಬೇಡ ಅಂದರು. ಊರಿಗೆ ನೀರೇ ಸರಿಯಾಗಿಲ್ಲ, ನನಗೆ ಪೇಟ ಯಾಕೆ ಅಂದರು. ಪುಸ್ತಿಕೆ ವಿಷಯ ಹೇಳಿದ ಮೇಲೆ ಸುಮ್ಮನಾದರು. ಒಳಗೆ ಹೋಗಿ ಹಳೇ ಬಿಸ್ಕತ್ ಡಬ್ಬದಿಂದ ನೋಟ್‌ಬುಕ್ಕುಗಳನ್ನು ತಂದು ಟೀಪಾಯಿ ಮೇಲೆ ಇಟ್ಟರು. ಎರಡರ ಬೈಂಡು ಗೆದ್ದಲು ತಿಂದಿದೆ, ಒಳಗೆ ಓದಬಹುದು.

ಸಂತೆಪೇಟೆಯವರೇ, ಸಂತೆ ಇದೆ. ಒಂದು ಪುಟದ ತುಂಬ ಇದೆ. ಅಡ್ಡಗೆರೆ ಬಿದ್ದಿಲ್ಲ. ಶೀಟಿನ ಚಪ್ಪರ, ಒಂದು ಬೋರ್‌ವೆಲ್, ಹೆಂಗಸರಿಗೆ ಶೌಚಾಲಯ, ಬಸ್ಸು ಅಲ್ಲಿಯವರೆಗೆ ಬರಬೇಕು, ಎಲ್ಲ ಬರೆದಿದ್ದಾರೆ. ಮೈದಾನ ಖಾಲಿ ಮಾಡಿಸುವ ಮೊದಲೇ ಇವು ಆಗಬೇಕಿತ್ತು ಅಂತ ಪಕ್ಕದಲ್ಲಿ ಅವರದೇ ಅಕ್ಷರದಲ್ಲಿದೆ. ನಿಮ್ಮ ವಿಷಯ ಹೇಳಿದಾಗ, ಅವರು ಮಾತಾಡಲಿ, ತಡೆಯಬೇಡಿ ಅಂದರು.

ಸಂತೆಪೇಟೆ
ಸರಿ. ನಾನು ಭಾಷಣ ಮಾಡುವವನಲ್ಲ. ಒಂದು ಪುಟ ಬರೆದುಕೊಡುತ್ತೇನೆ, ಪುಸ್ತಿಕೆಗೆ ಹಾಕಿ. ಕತ್ತರಿ ಹಾಕಿದರೆ ಮಾತ್ರ ಜಗಳ. ಊಟಕ್ಕೆ ತರಕಾರಿ ನಮ್ಮ ಕಡೆಯಿಂದ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಜೆರಾಕ್ಸ್ ಅಂಗಡಿ
ಪ್ರಿಂಟು, ಪಿನ್ನು ನನ್ನದು. ಕಾಗದದ ದುಡ್ಡು ಕೊಡಿ ಸಾಕು. ಎಂಎಲ್‌ಎ ವಿಷಯ ಏನಾಯಿತು?

ಕೋಟೆಬೀದಿ
ಅದೊಂದು ಇನ್ನೂ ತೀರ್ಮಾನ ಆಗಿಲ್ಲ. ಕರೆದರೆ ಅವರ ಹಿಂದೆ ಹತ್ತಾರು ಜನ, ಸ್ವಾಗತ ಭಾಷಣವೇ ಒಂದು ಗಂಟೆ. ಕರೆಯದಿದ್ದರೆ ಪೇಟೆ ಬೀದಿ ಇನ್ನೆರಡು ವರ್ಷ ಹಾಗೇ ಇರುತ್ತದೆ ಅಂತ ಒಬ್ಬರು ಹೇಳಿದರು. ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಗೊತ್ತಾಗಲಿಲ್ಲ.

ಹಳೇ ಮೇಷ್ಟ್ರು
ಕರೆಯೋಣ, ಆದರೆ ವೇದಿಕೆಯೇ ಬೇಡ. ಎಲ್ಲರಿಗೂ ಒಂದೇ ಸಾಲಿನ ಕುರ್ಚಿ. ಆಗ ಸ್ವಾಗತ ಭಾಷಣದ ಪ್ರಶ್ನೆಯೇ ಬರುವುದಿಲ್ಲ. ಬಂದರೆ ಸಂತೋಷ, ಪುಸ್ತಿಕೆಯ ಒಂದು ಪ್ರತಿ ಅವರ ಕೈಗೂ ಕೊಡೋಣ, ಒಳಚರಂಡಿ ಪುಟ ಮಡಚಿ ಗುರುತು ಮಾಡಿ.

ಲೆಕ್ಕದ ಪುಸ್ತಕ
ಮೇಷ್ಟ್ರ ಮಾತಿಗೆ ನನ್ನ ಅನುಮೋದನೆ ಇದೆ. 😀

ಕಸದ ಗಾಡಿ ಮಗಳು
ಅಮ್ಮ ಕೇಳುತ್ತಿದ್ದಾರೆ, ಭಾನುವಾರ ಇಟ್ಟುಕೊಳ್ಳುತ್ತೀರಾ? ಬೇರೆ ದಿನ ಆದರೆ ಅವರೆಲ್ಲ ಕೆಲಸ ಮುಗಿಸಿ ಬರುವಾಗ ಮಧ್ಯಾಹ್ನ ಎರಡಾಗುತ್ತದೆ. ಇನ್ನೊಂದು, ಶಾಲು ಹಾಕುವುದು ಬೇಡ ಅಂತ ನೀವು ತೀರ್ಮಾನ ಮಾಡಿದ್ದೀರಿ, ಸರಿ. ಆದರೆ ಅಮ್ಮನವರೆಲ್ಲ ಆಗಲೇ ದುಡ್ಡು ಸೇರಿಸಿ ಒಂದು ಇಳಕಲ್ ಸೀರೆ ತಂದಿಟ್ಟಿದ್ದಾರೆ. ಅದಕ್ಕೆ ಯಾವ ಸುತ್ತೋಲೆಯೂ ಅಡ್ಡ ಬರುವುದಿಲ್ಲ ತಾನೆ?

ಹಳೇ ಮೇಷ್ಟ್ರು
ಬಂದರೂ ನಾವು ಓದುವುದಿಲ್ಲ. ಕೊಡಲಿ.

ಕೋಟೆಬೀದಿ
ಹಾಗಾದರೆ ಭಾನುವಾರವೇ, ಬೆಳಿಗ್ಗೆ ಹನ್ನೊಂದಕ್ಕೆ, ಸಮುದಾಯ ಭವನ. ಬರುವವರು ಇಲ್ಲೇ ಕೆಳಗೆ ಎಷ್ಟು ಜನ ಅಂತ ಬರೆಯಿರಿ. ಅಡುಗೆಯವರಿಗೆ ಗುರುವಾರ ರಾತ್ರಿಯೊಳಗೆ ಲೆಕ್ಕ ಹೇಳಬೇಕು. ಮುದ್ದೆ, ಸೊಪ್ಪಿನ ಸಾರು, ಅನ್ನ, ಪಾಯಸ. ಬಡಿಸಲು ಆರು ಜನ ಬೇಕು, ಪೌರಕಾರ್ಮಿಕರನ್ನು ಬಿಟ್ಟು. ನಾನು ಒಬ್ಬ.

ಜೆರಾಕ್ಸ್ ಅಂಗಡಿ
ನಾನು ಎರಡು. ಮನೆಯಿಂದ ಮೂರು ಜನ ಊಟಕ್ಕೆ.

ಸಂತೆಪೇಟೆ
ಮೂರನೆಯವನು ನಾನು. ಸಾಂಬಾರಿನ ಬಕೆಟ್ ಬೇಡ, ಪಾಯಸ ಕೊಡಿ.